ಒಂದು ಒಳಲೆ ಮದ್ಯ

ನನ್ನ ಅಮ್ಮ ಅರವತ್ತೆಂಟನೆಯ ವಯಸ್ಸಿನಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ, ದಿನಾ ರಾತ್ರಿ ಊಟವಾದ ಮೇಲೆ ಮದ್ಯ ಕುಡಿಯಲು ಶುರು ಮಾಡಿದರು. ಇದನ್ನು ಸ್ವಲ್ಪ ಮೆತ್ತಗೆ ಹೇಳಬಾರದೇ ಎಂದು ಕೇಳಿದವರಿದ್ದಾರೆ. ಔಷಧಿ ತೆಗೆದುಕೊಳ್ಳುತ್ತಿದ್ದರು ಎಂದರೆ ಸಾಕಲ್ಲ ಎಂದಿದ್ದಾರೆ. ಸಾಲದು. ಆ ವರ್ಷ ಎಲ್ಲರೂ ಮೆತ್ತಗೆ ಹೇಳಲು ಹೋಗಿಯೇ ಒಂದು ಸಂಸಾರದ ಅಂಗಡಿ ಮುಚ್ಚುವ ಹಂತಕ್ಕೆ ಬಂದಿತ್ತು.

ಮದುವೆಗೆ ಮುಂಚೆ ನಾನು ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಅಲ್ಲಿನ ಹಿರಿಯರೊಬ್ಬರು ಮೊದಲ ವಾರವೇ ನನಗೊಂದು ಅಭ್ಯಾಸ ಹಿಡಿಸಿದರು. ನೋಟ್‌ಬುಕ್ಕಿನ ಎಡ ಪುಟದಲ್ಲಿ ಕಂಡದ್ದು, ಬಲ ಪುಟದಲ್ಲಿ ಕೇಳಿದ್ದು. ಬಲಗಡೆಯದು ಎಡಗಡೆಗೆ ದಾಟಬೇಕಾದರೆ ಕಣ್ಣಾರೆ ಕಂಡ ಒಬ್ಬರಾದರೂ ಬೇಕು. ಗಂಡನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ೧೯೯೮ರಲ್ಲಿ ಬಂದೆವು. ಎರಡು ವರ್ಷ ಅಲೆದ ಮೇಲೆ, ಮನೆಮನೆಗೆ ಬಿಟ್ಟಿ ಹಂಚುವ ಒಂದು ವಾರಪತ್ರಿಕೆಯಲ್ಲಿ ವಾರಕ್ಕೆ ಮೂರು ದಿನ ಸುದ್ದಿ ತಿದ್ದುವ ಕೆಲಸ ನನಗೆ ಸಿಕ್ಕಿತು. ಭಾಷೆ ಬದಲಾಯಿತು, ನೋಟ್‌ಬುಕ್ಕಿನ ಎರಡು ಪುಟ ಬದಲಾಗಲಿಲ್ಲ. ಮುಂದಿನದೆಲ್ಲ ಅದರಲ್ಲಿದೆ.

೨೦೦೧ರ ಜನವರಿಯಲ್ಲಿ ಅಮ್ಮ ಮೈಸೂರಿನಿಂದ ಆರು ತಿಂಗಳಿಗೆಂದು ಬಂದರು. ನಮ್ಮದು ಇಲ್ಲಿನ ಎಲ್ಲ ಸಾಲುಮನೆಗಳಂಥದೇ ಮನೆ: ಅಡಿಗೆ ಕೆಳಗೆ, ಬಚ್ಚಲು ಮೇಲೆ, ನಡುವೆ ಕಡಿದಾದ ಹದಿಮೂರು ಮೆಟ್ಟಿಲು. ಮೊದಲ ವಾರದಲ್ಲೇ ಅವರ ಮಂಡಿ ಹಿಡಿದುಕೊಂಡಿತು. ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲು ಜೋಡಿಸಿ, ಕಂಬಿ ಹಿಡಿದು ಹತ್ತುತ್ತಿದ್ದರು. ಇದು ಎಡ ಪುಟದಲ್ಲಿದೆ.

ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡಂತೆ, ರಸ್ತೆಯ ಮೂಲೆಯಲ್ಲಿ, ಒಂದು ಚೀನಿ ಟೇಕ್‌ಅವೇ, ಅಂದರೆ ಊಟ ಕಟ್ಟಿಸಿಕೊಂಡು ಹೋಗುವ ಅಂಗಡಿ, ಇತ್ತು. ನಡೆಸುತ್ತಿದ್ದವರು ಹಾಂಗ್‌ಕಾಂಗ್ ಕಡೆಯ ಒಬ್ಬ ಮುದುಕಿ, ಅವರ ಮಗ, ಸೊಸೆ. ಸೊಸೆ ಇಲ್ಲೇ ಹುಟ್ಟಿದವಳು, ಅವಳ ಇಂಗ್ಲಿಷ್ ಅಪ್ಪಟ ಮ್ಯಾಂಚೆಸ್ಟರಿನದು. ಅಮ್ಮ ಹೆಪ್ಪುಗಟ್ಟಿದ ಹಿತ್ತಲ ಕಲ್ಲಿನ ಮೇಲೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಎಳೆಯುತ್ತಿದ್ದಾಗ, ಬಗ್ಗಿದವರು ಏಳಲಾರದೆ ಒಂದು ನಿಮಿಷ ಹಾಗೇ ನಿಂತರು. ಗೋಡೆಯಾಚೆಯಿಂದ ಆ ಮುದುಕಿ ತಮ್ಮ ಮಂಡಿ ತಟ್ಟಿ ತೋರಿಸಿ, ಬಾ ಎಂದು ಕೈ ಬೀಸಿದರು.

ಟೇಕ್‌ಅವೇಯ ಹಿಂದಿನ ಕೋಣೆಯ ಹಲಗೆಯ ಮೇಲೆ ಐದು ದೊಡ್ಡ ಗಾಜಿನ ಭರಣಿಗಳಿದ್ದವು. ಒಳಗೆ ಕಂದುಬಣ್ಣದ ಮದ್ಯ, ತಳದಲ್ಲಿ ಬೇರು, ತೊಗಟೆ, ಸುಕ್ಕುಗಟ್ಟಿದ ಕೆಂಪು ಎಲಚಿ ಹಣ್ಣು.

"ನಮ್ಮತ್ತೆ ಹೇಳೋದು, ನಿಮ್ಮಮ್ಮನ ಮೂಳೆಗೆ ಗಾಳಿ ಹೊಕ್ಕಿದೆಯಂತೆ," ಎಂದಳು ಸೊಸೆ. "ಗಾಳಿ, ಜೊತೆಗೆ ಥಂಡಿ. ನನ್ನನ್ನ ಬೈಬೇಡಿ, ನಾನು ಬರೀ ಪೋಸ್ಟ್‌ಮ್ಯಾನ್."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ.

"ವಾಯು," ಎಂದರು ಅಮ್ಮ. "ನಿನ್ನ ಯಜಮಾನ್ರು ಒಂದು ತಿಂಗಳಿಂದ ಎಕ್ಸ್‌ರೇ ಎಕ್ಸ್‌ರೇ ಅಂತಿದಾರೆ. ಈಯಮ್ಮ ಗೋಡೆ ಆಚೆಯಿಂದಲೇ ಕಂಡುಹಿಡಿದ್ರು ನೋಡು."

ಅಲ್ಲಿಂದ ಮುಂದೆ ಆ ಇಬ್ಬರಿಗೆ ನಮ್ಮ ಅನುವಾದ ಹೆಚ್ಚು ಬೇಕಾಗಲಿಲ್ಲ. ದೇಹಕ್ಕೆ ಶೀತ ಯಾವುದು, ಉಷ್ಣ ಯಾವುದು ಎಂಬಲ್ಲಿ ಹತ್ತಕ್ಕೆ ಎಂಟು ವಿಷಯದಲ್ಲಿ ಅವರು ಒಂದೇ ಪಕ್ಷ. ಮುದುಕಿ ಒಂದು ಒಣ ತೊಗಟೆಯನ್ನು ಮುರಿದು ಎರಡು ತುಂಡನ್ನೂ ಮೆಲ್ಲಗೆ ಎಳೆದರು. ನಡುವೆ ರೇಷ್ಮೆಯಂಥ ಬಿಳಿ ಎಳೆಗಳು ಹರಿಯದೆ ನಿಂತವು. ಈ ಎಳೆ ತೊಗಟೆಯನ್ನು ಹಿಡಿದ ಹಾಗೆ ಮದ್ಯ ಮಂಡಿಯನ್ನು ಹಿಡಿಯುತ್ತದಂತೆ. ಪಕ್ಕದ ಭರಣಿಯದು ಬಾಣಂತಿಯರಿಗೆ, ಅದರಲ್ಲಿನ ಬೇರು ರಕ್ತವನ್ನು ತುಂಬಿಸಿ ಓಡಾಡಿಸುತ್ತದಂತೆ. ಇನ್ನೊಂದು ನಿದ್ರೆಗೆ. ನಾಲ್ಕನೆಯದು ವಯಸ್ಸಾದ ಗಂಡಸರಿಗೆ ಎಂದು ಸೊಸೆ ನನಗಷ್ಟೇ ಕೇಳುವಂತೆ ಹೇಳಿ ನಕ್ಕಳು. ಇವೆಲ್ಲ ಬಲ ಪುಟದ ಮಾತು. ಎಳೆ ಮಾತ್ರ ಎಡಗಡೆಯದು, ಅದನ್ನು ನಾನು ನೋಡಿದೆ.

"ಹುಳ ಹುಪ್ಪಟೆ ಏನೂ ಇಲ್ವಂತಾ ಕೇಳು," ಎಂದರು ಅಮ್ಮ.

"ಮಂಡಿಯದರಲ್ಲಿ ಬರೀ ಗಿಡ, ಬೇರು," ಎಂದಳು ಸೊಸೆ. "ಹಲ್ಲಿ ಇರೋದು ಆ ಕೊನೇದರಲ್ಲಿ. ಅದು ಉಬ್ಬಸಕ್ಕೆ."

ಅಮ್ಮ ಕೊನೆಯ ಭರಣಿಗೆ ಬೆನ್ನು ಮಾಡಿ ಕೂತರು. ಅಲ್ಲಿಗೆ ಹೋದಾಗಲೆಲ್ಲ ಹಾಗೇ ಕೂತರು.

ನಮ್ಮದು ಮದ್ಯ ಮುಟ್ಟದ ಮನೆ. ಆದರೆ ಬಾಣಂತಿಗೆ ದಶಮೂಲಾರಿಷ್ಟ, ಸುಸ್ತಿಗೆ ದ್ರಾಕ್ಷಾರಿಷ್ಟ ಎಂದು ಬಾಟಲಿಗಟ್ಟಲೆ ಕುಡಿದ ಮನೆಯೂ ಹೌದು. ಅರಿಷ್ಟ ಹುದುಗಿ ತಯಾರಾಗುವಂಥದು, ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಸಾರವಿದೆ ಎಂದು ಲೇಬಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಅರಿಷ್ಟ ಅರಿಷ್ಟವೇ. ಅಮ್ಮ ಮುದುಕಿ ಕೊಟ್ಟದ್ದನ್ನು ಮೂಸಿ ನೋಡಿ, "ಇದು ಅರಿಷ್ಟ ಕಣೇ, ಇವರ ಊರಿನದು," ಎಂದು ತೀರ್ಪು ಕೊಟ್ಟರು. ಅಕ್ಕಿಯಿಂದ ಬಟ್ಟಿ ಇಳಿಸಿದ ಘಾಟು ಸಾರಾಯಿಯಲ್ಲಿ ಬೇರುಗಳನ್ನು ತಿಂಗಳುಗಟ್ಟಲೆ ನೆನೆಸಿದ್ದು ಎಂದು ಸೊಸೆ ನನಗೆ ಬಿಡಿಸಿ ಹೇಳಿದ್ದಳು. ನಾನು ಅಮ್ಮನಿಗೆ ಹೇಳಿದೆ.

"ಎಲ್ಲಾ ಅರಿಷ್ಟಾನೂ ಹಾಗೇನೇ," ಎಂದರು.

ನಾನು ಎರಡನೆಯ ಸಲ ಹೇಳಲಿಲ್ಲ. ಇದರಲ್ಲಿ ನನ್ನ ಪಾಲು ಇಷ್ಟು, ಅದನ್ನೂ ದಾಖಲಿಸುತ್ತೇನೆ.

ನಾನು ಕೂಸಾಗಿದ್ದಾಗ ಔಷಧಿ ಕುಡಿಸಿದ ಬೆಳ್ಳಿಯ ಒಳಲೆಯನ್ನು ಅಮ್ಮ ಎಲ್ಲಿಗೆ ಹೋದರೂ ಕಷಾಯದ ಅಳತೆಗೆಂದು ಒಯ್ಯುತ್ತಿದ್ದರು. ಅದರಲ್ಲಿ ಒಂದು ಒಳಲೆ ಮದ್ಯ, ಒಂದು ಒಳಲೆ ಬಿಸಿನೀರು, ಊಟದ ನಂತರ. ಮುದುಕಿ ಜಾಮ್ ಶೀಸೆಯಲ್ಲಿ ಕೊಟ್ಟಿದ್ದು ಸೋರುತ್ತಿತ್ತು. ಅಮ್ಮ ತಾವು ಮೈಸೂರಿನಿಂದ ತಂದು ಖಾಲಿ ಮಾಡಿದ್ದ ದಶಮೂಲಾರಿಷ್ಟದ ಎರಡು ಬಾಟಲಿಗಳನ್ನು ತೊಳೆದು ಅದರೊಳಕ್ಕೆ ಬಗ್ಗಿಸಿದರು. ಕನ್ನಡದ ಲೇಬಲ್ ಹಾಗೇ ಇತ್ತು. ನಮ್ಮ ಅಡಿಗೆಮನೆಗಳಲ್ಲಿ ಬಾಟಲಿಯ ಮೇಲಿರುವುದಕ್ಕೂ ಒಳಗಿರುವುದಕ್ಕೂ ಸಂಬಂಧವಿರಬೇಕೆಂದು ಯಾರೂ ಎಣಿಸುವುದಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇದ್ದರೆ ಅದು ಸಾಸಿವೆ ಡಬ್ಬಿ.

ಯುಗಾದಿಯ ಹೊತ್ತಿಗೆ ಅಮ್ಮ ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಹತ್ತುತ್ತಿದ್ದರು. ಎಡ ಪುಟ. ಅಷ್ಟರಲ್ಲಿ ಚಳಿ ಮುರಿದಿತ್ತು, ಮನೆಯ ಹೀಟರ್ ರಿಪೇರಿಯೂ ಆಗಿತ್ತು. ಅವೂ ಎಡ ಪುಟದಲ್ಲೇ ಇವೆ. ಮದ್ಯದಿಂದ ಮಂಡಿ ವಾಸಿಯಾಯಿತೆಂದು ನಾನು ಎಲ್ಲೂ ಬರೆದಿಲ್ಲ. ಬರೆಯಿರಿ ಎಂದವರಿಗೂ ಬರೆದುಕೊಟ್ಟಿಲ್ಲ, ಅದೆಲ್ಲ ಮೂಢನಂಬಿಕೆ ಎಂದು ಬರೆಯಿರಿ ಎಂದವರಿಗೂ ಇಲ್ಲ.

ಯುಗಾದಿ ಊಟ ಹತ್ತಿರದ ಡಿಡ್ಸ್‌ಬರಿಯಲ್ಲಿ, ನನ್ನ ಗಂಡನ ಆಸ್ಪತ್ರೆಯ ಕನ್ಸಲ್ಟೆಂಟ್ ಡಾಕ್ಟರೊಬ್ಬರ ಮನೆಯಲ್ಲಿ. ನಮ್ಮೂರ ಕಡೆಯವರೇ, ನನ್ನ ಗಂಡನ ಮುಂದಿನ ಕೆಲಸಕ್ಕೆ ರೆಫರೆನ್ಸ್ ಬರೆಯಬೇಕಾದವರು. ಅವರ ಹೆಂಡತಿ ಧಾರವಾಡದವರು. ಒಬ್ಬಟ್ಟು ಬಡಿಸುತ್ತ ಬಗ್ಗಿದಾಗ ಮುಖ ಕಿವುಚಿದರು.

"ಏನಾಯ್ತಮ್ಮಾ, ಮಂಡಿಯೇ?" ಎಂದರು ಅಮ್ಮ.

"ಹೂಂ ನೋಡ್ರಿ ಅಮ್ಮಾರ. ಮನೀ ತುಂಬ ಡಾಕ್ಟರು, ಮೊಣಕಾಲು ನೋಡಾಕ ಒಬ್ಬರಿಗೂ ಪುರುಸೊತ್ತಿಲ್ಲ."

"ನನ್ನ ಹತ್ರ ಒಂದು ಅರಿಷ್ಟ ಇದೆ. ಕಳಿಸ್ತೀನಿ ಇರು. ಊಟ ಆದಮೇಲೆ ಒಂದು ಒಳಲೆ, ಅಷ್ಟೇ."

ಮಾರನೆಯ ದಿನ ಎರಡನೆಯ ಬಾಟಲಿ ಡಿಡ್ಸ್‌ಬರಿಗೆ ಹೋಯಿತು. ಗುರುವಾರ ಆಕೆಗೆ ಉಪವಾಸ. ಮಧ್ಯಾಹ್ನ ಬಾಟಲಿ ತೆಗೆದಿದ್ದಾರೆ, ಲೇಬಲ್ ನೋಡಿದ್ದಾರೆ, ತವರಿನ ನೆನಪಾಗಿದೆ. ಅರಿಷ್ಟ ತಾನೆ ಎಂದು ನೀರು ಬೆರೆಸದೆ ಅರ್ಧ ಲೋಟ ಬಗ್ಗಿಸಿಕೊಂಡು ಖಾಲಿ ಹೊಟ್ಟೆಯಲ್ಲಿ ಕುಡಿದಿದ್ದಾರೆ. ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮಹಡಿ ಇಳಿಯುವಾಗ ನಾಲ್ಕು ಮೆಟ್ಟಿಲು ಮೇಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಇದನ್ನು ಆಕೆಯೇ ಮುಂದೆ ನನಗೆ ಹೇಳಿದ್ದು.

ಡಾಕ್ಟರು ಮನೆಗೆ ಬಂದು ಬಾಟಲಿ ಮೂಸಿದರು. ಸಿಟ್ಟಿನಲ್ಲಿ ಅಮ್ಮನಿಗೆ ಫೋನ್ ಮಾಡಿ ಇದು ಬಂದದ್ದೆಲ್ಲಿಂದ ಎಂದು ಕೇಳಿದರು, ಅಮ್ಮ ಇದ್ದದ್ದನ್ನು ಇದ್ದಂತೆ ಹೇಳಿದರು. ಕೂಡಲೇ ಡಾಕ್ಟರು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಸ್ಟಾಕ್‌ಪೋರ್ಟ್‌ನ ಒಂದು ಚೀನಿ ಟೇಕ್‌ಅವೇ ಕಳ್ಳಮದ್ಯವನ್ನು ಔಷಧಿಯೆಂದು ಮಾರುತ್ತಿದೆ ಎಂದು ದೂರು ಕೊಟ್ಟು, ಬಾಟಲಿಯನ್ನೂ ಒಪ್ಪಿಸಿದರು.

ಆ ತಿಂಗಳು ಎಂಥದೆಂದು ಹೇಳಬೇಕು. ದೇಶದ ತುಂಬ ದನಕುರಿಗಳಿಗೆ ಕಾಲುಬಾಯಿ ಜ್ವರ. ಜಾನುವಾರುಗಳ ಹೆಣದ ರಾಶಿ ಸುಡುವುದನ್ನು ಟೀವಿಯಲ್ಲಿ ದಿನಾ ತೋರಿಸುತ್ತಿದ್ದರು. ಅದು ಶುರುವಾದದ್ದೇ ಚೀನಿ ಹೋಟೆಲುಗಳ ಮಾಂಸದಿಂದ ಎಂಬ ಮಾತು ಕೆಲವು ಪತ್ರಿಕೆಗಳಲ್ಲಿ ಬಂದಿತ್ತು. ಅದು ಬಂದ ವಾರದಿಂದ ಮೂಲೆಯಂಗಡಿಯ ಶುಕ್ರವಾರದ ಗಿರಾಕಿಗಳ ಸಾಲು ಕರಗಿತು. ಮುದುಕಿಯ ಮಗ ಕೌಂಟರಿನ ಹಿಂದೆ ಕೈಕಟ್ಟಿ ನಿಂತು ಟೀವಿ ನೋಡುತ್ತಿದ್ದರು. ಇನ್ನೊಂದು ಏಟು ಬಿದ್ದರೆ ಬಾಗಿಲು ಹಾಕುವುದೇ ಎಂದು ಸೊಸೆ ಗೋಡೆಯಾಚೆಯಿಂದ ಹೇಳಿದ್ದಳು.

ಶನಿವಾರ ಡಾಕ್ಟರು ನನಗೆ ಫೋನ್ ಮಾಡಿದರು.

"ನಿಮ್ಮ ಪೇಪರಿನ ವರದಿಗಾರ ಕೌನ್ಸಿಲ್‌ನಿಂದ ವಿಷಯ ತಿಳ್ಕೊಂಡು ನನಗೆ ಕೇಳಿದ. ನೀವು ಗಾಬರಿ ಆಗ್ಬೇಡಿ. ಅಮ್ಮನ ವಿಷಯ ನಾನು ಎತ್ತಲೇ ಇಲ್ಲ. ಟೇಕ್‌ಅವೇಯಿಂದ ಬಂದಿದ್ದು ಅಂದೆ, ಅಷ್ಟೇ. ಅದು ಸುಳ್ಳೂ ಅಲ್ವಲ್ಲ. ನಮ್ಮವರ ಹೆಸರು ಯಾಕೆ ಬರಬೇಕು?"

"ಅವರು ಮಾರಲಿಲ್ಲ, ಡಾಕ್ಟ್ರೇ."

"ಇವತ್ತಲ್ಲ ನಾಳೆ ಯಾರಿಗಾದ್ರೂ ಮಾರ್ತಾರೆ. ನಿಮ್ಮ ಯಜಮಾನರ ರೆಫರೆನ್ಸ್ ಪತ್ರ ಮುಂದಿನ ವಾರ ಬರೀತೀನಿ, ಹೇಳಿ ಅವರಿಗೆ."

ನಾನು ಫೋನಿಟ್ಟು, ಕೊನೆಯ ಎರಡು ವಾಕ್ಯಗಳನ್ನು ಅವು ಬಂದ ಅನುಕ್ರಮದಲ್ಲೇ ಬರೆದುಕೊಂಡೆ. ಗಂಡನಿಗೆ ಓದಿ ಹೇಳಿದೆ. ಅವರು ಚಹಾ ಕದಡುತ್ತ ಕೇಳಿದರು.

"ಬೇರೆಯವರ ಹತ್ರ ಬರೆಸ್ಕೋತೀನಿ," ಎಂದರು. "ಸ್ವಲ್ಪ ಕಷ್ಟ ಆಗುತ್ತೆ. ಆಗ್ಲಿ."

ಅಮ್ಮ ಅಡಿಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದರು.

"ಬಾಟ್ಲಿಗೆ ಬಗ್ಗಿಸಿದೋಳು ನಾನು. ಕೊಟ್ಟು ಕಳಿಸಿದೋಳು ನಾನು. ಆ ಅಕ್ಕ ನನಗೆ ಅಳತೆ ತೋರಿಸಿ ಕೊಟ್ರು. ಪೇಪರಿನವರಿಗೆ ಹೇಳು, ನನ್ನ ಹೆಸರು ಹಾಕಲಿ. ಇನಿಶಿಯಲ್ ಸಮೇತ."

ಮಂಗಳವಾರ ಆ ಸುದ್ದಿ ತಿದ್ದಲಿಕ್ಕೆಂದು ನನ್ನ ಮೇಜಿಗೇ ಬಂತು. ಚೀನಿ ಟೇಕ್‌ಅವೇಯ ಆರೋಗ್ಯ ಮದ್ಯ ಕುಡಿದು ವೈದ್ಯರ ಪತ್ನಿಗೆ ಗಾಯ ಎಂಬ ಅರ್ಥದ ತಲೆಬರಹ. ರಸ್ತೆಯ ಹೆಸರಿತ್ತು. ಮಾರಾಟ ಮಾಡಲಾಗುತ್ತಿದೆ ಎಂದು ತಿಳಿದುಬಂದಿದೆ ಎಂಬ ವಾಕ್ಯವಿತ್ತು. ಯಾರಿಗೆ ತಿಳಿಯಿತು, ಎಲ್ಲಿಂದ ಬಂತು ಎಂದು ಹೇಳದೆ ಕೇಳಿದ್ದನ್ನು ಕಂಡದ್ದನ್ನಾಗಿ ಮಾಡುವ ಆ ಕ್ರಿಯಾಪದ ಇಂಗ್ಲಿಷಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಜೊತೆಗೆ ಕೌನ್ಸಿಲ್ ಕಚೇರಿಯಲ್ಲಿ ತೆಗೆದ ಬಾಟಲಿಯ ಫೋಟೋ. ಅದರ ಕೆಳಗೆ ಹೀಗಿತ್ತು: ಮನೆಯಲ್ಲಿ ಸಿಕ್ಕ ಬಾಟಲಿ, ಚೀನಿ ಭಾಷೆಯ ಲೇಬಲ್ ಸಹಿತ.

ನಾನು ಎರಡನ್ನೂ ತೆಗೆದುಕೊಂಡು ಸಂಪಾದಕರ ಮೇಜಿಗೆ ಹೋದೆ. ಅವರು ಈ ಊರಲ್ಲೇ ಹುಟ್ಟಿದವರು, ಎಲ್ಲರನ್ನೂ ಲವ್ ಎಂದೇ ಕರೆಯುವವರು. ವರದಿಗಾರ ಪಕ್ಕದಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಇದನ್ನು ನಾನು ತಿದ್ದುವುದಿಲ್ಲ," ಎಂದೆ.

"ಯಾಕೆ, ಲವ್?"

"ಇದರೊಳಗೆ ನಾನಿದ್ದೇನೆ. ಅಲ್ಲದೆ ಇದು ಸುಳ್ಳು." ವರದಿಗಾರನ ಕಡೆ ತಿರುಗಿದೆ. "ಮಾರಿದ್ದನ್ನು ಯಾರು ನೋಡಿದರು?"

"ಡಾಕ್ಟರು ಹೇಳಿದರು."

"ಅವರು ನೋಡಿದರೇ?"

"ಡಾಕ್ಟರಲ್ಲವೇ," ಎಂದ ಅವನು.

"ಅಂಗಡಿಯವರನ್ನು ಕೇಳಿದಿರಾ?"

"ಫೋನ್ ಮಾಡಿದ್ದೆ. ಆರ್ಡರ್ ಏನು ಅಂತ ಕೇಳಿದರು. ಇಟ್ಟುಬಿಟ್ಟೆ."

ನಾನು ಫೋಟೋವನ್ನು ಮೇಜಿನ ಮೇಲಿಟ್ಟೆ. "ಇದು ಚೀನಿ ಭಾಷೆಯಲ್ಲ. ಇದು ನನ್ನ ಭಾಷೆ. ಬೇಕಾದರೆ ಈಗಲೇ ಓದುತ್ತೇನೆ. ದಿನಕ್ಕೆ ಎರಡು ಬಾರಿ, ಊಟದ ನಂತರ, ಸಮಪ್ರಮಾಣದ ನೀರು ಬೆರೆಸಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಈ ಬಾಟಲಿ ಮೈಸೂರಿನಿಂದ ನನ್ನ ತಾಯಿಯ ಪೆಟ್ಟಿಗೆಯಲ್ಲಿ ಬಂದದ್ದು. ಅದರೊಳಗೆ ಪಕ್ಕದ ಮನೆಯವರು ಪುಕ್ಕಟೆ ಕೊಟ್ಟ ಮದ್ದನ್ನು ತುಂಬಿದವರು ನನ್ನ ತಾಯಿ. ಅವರ ಹೆಸರು ಹಾಕಿ. ನಾಲ್ಕು ಗಂಟೆಗೆ ಅವರು ಫೋನ್ ಹತ್ತಿರವೇ ಇರುತ್ತಾರೆ, ನೀವೇ ಕೇಳಬಹುದು. ನಾನು ಅನುವಾದ ಮಾಡುತ್ತೇನೆ, ಪಕ್ಕದಲ್ಲಿ ಬೇರೆಯವರನ್ನು ಕೂರಿಸಿಕೊಳ್ಳಿ."

ಸಂಪಾದಕರು ಫೋಟೋವನ್ನು ತಲೆಕೆಳಗು ಮಾಡಿ ನೋಡಿದರು, ಮತ್ತೆ ಸರಿ ಮಾಡಿ ನೋಡಿದರು. ಆಮೇಲೆ ಸುದ್ದಿಯ ಕಾಪಿಯ ಮೇಲೆ ಉದ್ದಕ್ಕೆ ಗೆರೆ ಎಳೆದರು.

"ಒಬ್ಬ ಅಜ್ಜಿ ಸ್ನೇಹಿತೆಗೆ ಟಾನಿಕ್ ಕೊಟ್ಟರೆ ಅದು ಸುದ್ದಿಯಲ್ಲ, ಲವ್."

"ಚೀನಿಯವರು ಕೊಟ್ಟಿದ್ದರೆ ಸುದ್ದಿಯಾಗುತ್ತಿತ್ತೇ?"

ಅವರು ಮುಂದಿನ ಸುದ್ದಿಯನ್ನು ನನ್ನ ಕಡೆ ಸರಿಸಿದರು. ಆ ಜಾಗಕ್ಕೆ ಒಂದು ಕ್ಲಬ್ಬಿನ ಬಹುಮಾನ ವಿತರಣೆ ಹೋಯಿತು, ಅದನ್ನು ನಾನೇ ತಿದ್ದಿದೆ. ಅಮ್ಮನಿಗೆ ಮಾತ್ರ ಬೇಸರವಾಯಿತು. "ಹಾಕಲೇ ಇಲ್ವಾ? ಹಾಕಬೇಕಿತ್ತು," ಎಂದರು.

ಪತ್ರಿಕೆ ಸುದ್ದಿಯನ್ನು ಕೈಬಿಟ್ಟರೂ ಕೌನ್ಸಿಲ್‌ನ ದೂರು ಉಳಿದಿತ್ತು. ಮುದುಕಿಯ ಹಿಂದಿನ ಕೋಣೆಗೆ ತಪಾಸಣೆಗೆ ಬರುತ್ತೇವೆಂದು ಕಾಗದ ಬಂದಿತ್ತು. ಅದನ್ನು ಗೋಡೆಯಾಚೆಯಿಂದ ನನಗೆ ಓದಲು ಕೊಟ್ಟ ಸೊಸೆ ಆ ದಿನ ಏನೂ ತಮಾಷೆ ಮಾಡಲಿಲ್ಲ. ದೂರು ಸಾಬೀತಾದರೆ ಲೈಸೆನ್ಸ್ ಇಲ್ಲದೆ ಮದ್ಯ ಮಾರಿದ ಮಾತು ಬರುತ್ತಿತ್ತು. ಆ ವಸಂತದಲ್ಲಿ ಆ ಅಂಗಡಿ ಅದನ್ನು ತಾಳುತ್ತಿರಲಿಲ್ಲ.

ತಪಾಸಣೆಗೆ ಮುಂಚಿನ ದಿನ ನಾನೂ ಅಮ್ಮನೂ ಕೌನ್ಸಿಲ್ ಕಚೇರಿಗೆ ಹೋದೆವು. ಅಮ್ಮ ಮೈಸೂರು ಸಿಲ್ಕ್ ಸೀರೆಯ ಮೇಲೆ ನನ್ನ ಕೋಟು ಹಾಕಿ, ಕೈಚೀಲದಲ್ಲಿ ಒಳಲೆ ಇಟ್ಟುಕೊಂಡಿದ್ದರು. ಅಧಿಕಾರಿ ಸೌಮ್ಯ ಹೆಂಗಸು. ಹಣ ಕೊಟ್ಟಿರಾ? ಇಲ್ಲ. ಅವರು ಅಳತೆ ಹೇಳಿದ್ದರೇ? ಹೇಳಿದ್ದರು. ಅಮ್ಮ ಒಳಲೆ ತೆಗೆದು ಮೇಜಿನ ಮೇಲಿಟ್ಟು ತೋರಿಸಿದರು. ಅಧಿಕಾರಿ ಅದನ್ನು ಮುಟ್ಟದೆ, ಅದರ ಗಾತ್ರವನ್ನು ಬರೆದುಕೊಂಡರು. ಆಮೇಲೆ ಕೇಳಿದರು: "ಅದು ಮದ್ಯವೆಂದು ನಿಮಗೆ ಗೊತ್ತಿತ್ತೇ?"

ನಾನು ಕೇಳಿದ್ದನ್ನು ಕೇಳಿದ ಹಾಗೇ ಅಮ್ಮನಿಗೆ ಹೇಳಿದೆ. ಸುತ್ತಿ ಬಳಸಿ ಅರಿಷ್ಟ ಎಂದಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಗೊತ್ತಿರಲಿಲ್ಲ ಎಂದರೆ, ಹೇಳದೆ ಕೊಟ್ಟ ತಪ್ಪು ಗೋಡೆಯಾಚೆಗೆ ಹೋಗುತ್ತಿತ್ತು. ಗೊತ್ತಿತ್ತು ಎಂದರೆ, ಅರವತ್ತೆಂಟು ವರ್ಷ ಕಾಪಾಡಿಕೊಂಡು ಬಂದ, ಮದ್ಯ ಮುಟ್ಟಿದವಳಲ್ಲ ಎಂಬ ಮಾತು ಪರದೇಶದ ಒಂದು ಫೈಲಿನಲ್ಲಿ ಮುಗಿಯುತ್ತಿತ್ತು.

ಅಮ್ಮ ಒಳಲೆಯನ್ನು ಸ್ವಲ್ಪ ಸರಿಸಿ ಇಟ್ಟರು.

"ಗೊತ್ತಿತ್ತು ಅಂತ ಬರಿಯೋಕೆ ಹೇಳು. ನೀನು ಹೇಳಿದ್ದೆ. ನಾನು ಕೇಳಿಸ್ಕೊಳ್ಳಲಿಲ್ಲ. ಅದನ್ನೂ ಬರೀಲಿ."

ಬರೆದರು. ಅಮ್ಮ ಕೆಳಗೆ ಕನ್ನಡದಲ್ಲಿ, ಇನಿಶಿಯಲ್ ಸಮೇತ, ರುಜು ಹಾಕಿದರು. ಎರಡು ವಾರದ ಮೇಲೆ ಕೌನ್ಸಿಲ್‌ನಿಂದ ಮುದುಕಿಯ ಮನೆಗೆ ಕಾಗದ ಬಂತು: ಮಾರಾಟ ನಡೆದಿಲ್ಲ, ಮುಂದಿನ ಕ್ರಮವಿಲ್ಲ. ಸೊಸೆ ಅದನ್ನು ಚೌಕಟ್ಟು ಹಾಕಿಸಿ ಕೌಂಟರಿನ ಹಿಂದೆ ತೂಗುಹಾಕಿದಳು. ಕಾಲುಬಾಯಿ ಜ್ವರದ ಮಾತಿಗೆ ಆಧಾರವಿಲ್ಲ ಎಂದು ಸರ್ಕಾರದವರೂ ಒಪ್ಪಿದ ಮೇಲೆ ಶುಕ್ರವಾರದ ಸಾಲು ನಿಧಾನವಾಗಿ ಮರಳಿತು. ಆ ಅಂಗಡಿ ಇನ್ನೂ ಏಳು ವರ್ಷ ನಡೆಯಿತು, ಮುಚ್ಚಿದ್ದು ಮುದುಕಿಯ ಮಗನಿಗೆ ಸುಸ್ತಾದಾಗ.

ಜೂನ್‌ನಲ್ಲಿ, ಅಮ್ಮ ಹೊರಡುವ ಮುಂಚೆ, ಕನ್ನಡದವರ ಒಂದು ಊಟವಿತ್ತು. ಹೋಗಬೇಡಿ, ಎಲ್ಲರಿಗೂ ವಿಷಯ ಗೊತ್ತಾಗಿದೆ ಎಂದು ಒಬ್ಬರು ಮುಂಚಿತವಾಗಿ ಫೋನ್ ಮಾಡಿ ಹೇಳಿದ್ದರು. ಅದಕ್ಕೇ ಹೋದೆವು. ಬಾಡಿಗೆ ಹಾಲ್‌ನಲ್ಲಿ ಉದ್ದನೆಯ ಮೇಜುಗಳು. ಡಾಕ್ಟರು ನಮ್ಮ ಎದುರಿನ ಸಾಲಿನಲ್ಲಿದ್ದರು. ನನ್ನ ಗಂಡನಿಗೆ ರೆಫರೆನ್ಸ್ ಕೊನೆಗೆ ಬೇರೆ ಆಸ್ಪತ್ರೆಯ ಒಬ್ಬರು ಬರೆದುಕೊಟ್ಟಿದ್ದರು.

ಪಕ್ಕದಲ್ಲಿ ಕೂತ ಹೆಂಗಸೊಬ್ಬರು ಅಮ್ಮನ ಕಡೆ ಬಾಗಿ, ಸಾಕಷ್ಟು ಜೋರಾಗಿಯೇ ಕೇಳಿದರು. "ಈಗಲೂ ಆ ಅರಿಷ್ಟ ತಗೋತಿದೀರಾ ಅಮ್ಮಾ?"

"ಅರಿಷ್ಟ ಅಲ್ಲಮ್ಮ, ಮದ್ಯ," ಎಂದರು ಅಮ್ಮ, ಹುಳಿಯನ್ನ ಕಲಸುತ್ತ. "ದಿನಾ ಒಂದು ಒಳಲೆ ಕುಡೀತೀನಿ. ಪಕ್ಕದ್ಮನೆ ಚೀನಾದ ಅಕ್ಕ ಕೊಡ್ತಾರೆ. ಆಫೀಸಿನಲ್ಲಿ ರುಜು ಹಾಕಿ ಬಂದಿದೀನಿ, ಇನ್ನೇನು ಮುಚ್ಚುಮರೆ."

ಮೇಜಿನ ಆ ತುದಿಯವರೆಗೂ ತಲೆಗಳು ಇತ್ತ ತಿರುಗಿದವು. ಡಾಕ್ಟರು ತಟ್ಟೆ ನೋಡುತ್ತಿದ್ದರು. ಅವರ ಹೆಂಡತಿ ಸಾರಿನ ಪಾತ್ರೆ ಹಿಡಿದು ನಮ್ಮ ಹಿಂದೆ ನಿಂತಿದ್ದರು. ಮಣಿಕಟ್ಟಿನ ಪ್ಲಾಸ್ಟರ್ ತೆಗೆದಾಗಿತ್ತು.

"ಅಮ್ಮಾರ," ಎಂದರು, "ನೀರು ಎಷ್ಟು ಬೆರಸಬೇಕಿತ್ರಿ?"

"ಒಳಲೆಗೆ ಒಂದು ಒಳಲೆ. ಊಟ ಆದಮೇಲೆ," ಎಂದರು ಅಮ್ಮ. "ಇನ್ಮೇಲೆ ಲೇಬಲ್ ಓದ್ಬೇಡ. ನನ್ನ ಕೇಳು."